ದಂಡಿನ ಹಳೆ ಕಟ್ಟಡಕ್ಕೆ ಬಿಯರ್ ಟ್ಯಾಂಕ್ ಇಳಿಸುವ ಮುನ್ನ

ಬೆಂಗಳೂರಿಗೆ ಬಿಯರ್ ತಯಾರಿಕೆ ಬಂದದ್ದು ಅಲ್ಲೇ ತಯಾರಿಸಿ ಅಲ್ಲೇ ಬಡಿಸುವ ಮೈಕ್ರೋಬ್ರೂವರಿಗಳ ಜೊತೆ ಅಂತ ತುಂಬಾ ಜನ ತಿಳಿದಿದ್ದಾರೆ. 2011ರಲ್ಲಿ ವಿಠಲ್ ಮಲ್ಯ ರಸ್ತೆಯಲ್ಲಿ ಬಿಯೇರ್ ಕ್ಲಬ್ ಬಾಗಿಲು ತೆರೆಯಿತು. ಹೆಚ್ಚು ಕಡಿಮೆ ಅದೇ ಹೊತ್ತಿಗೆ ಇಂದಿರಾನಗರದಲ್ಲಿ ಟಾಯ್ಟ್ ಬಂತು. ಆಮೇಲೆ ಮಗ್ರತ್ ರಸ್ತೆ, ವೈಟ್‌ಫೀಲ್ಡ್ ಅಂತ ಊರೆಲ್ಲ ಹಬ್ಬಿತು. ಆದರೆ ಈ ವಿಠಲ್ ಮಲ್ಯ ರಸ್ತೆಗೆ ಮೊದಲಿದ್ದ ಹೆಸರು ಗ್ರಾಂಟ್ ರೋಡ್. ಅಲ್ಲಿ ನೂರು ವರ್ಷಕ್ಕೂ ಹಿಂದೆಯೇ ದೊಡ್ಡ ಬ್ರೂವರಿ ಇತ್ತು. ಬೆಂಗಳೂರು ಬ್ರೂಯಿಂಗ್ ಕಂಪನಿ ಶುರುವಾದದ್ದು 1885ರಲ್ಲಿ. 1915ರಲ್ಲಿ ಸ್ಕಾಟ್ಲೆಂಡಿನ ಥಾಮಸ್ ಲೀಶ್ಮನ್ ಇದನ್ನೂ ಸೇರಿಸಿ ದಕ್ಷಿಣದ ಐದು ಬ್ರೂವರಿಗಳನ್ನು ಒಂದು ಮಾಡಿ ಯುನೈಟೆಡ್ ಬ್ರೂವರೀಸ್ ಕಟ್ಟಿದ. ದಂಡಿನ, ಅಂದರೆ ಕಂಟೋನ್ಮೆಂಟಿನ, ಸಿಪಾಯಿಗಳೇ ದೊಡ್ಡ ಗಿರಾಕಿಗಳು. ದೊಡ್ಡ ದೊಡ್ಡ ಮರದ ಪೀಪಾಯಿಗಳಲ್ಲಿ ಬಿಯರ್ ತುಂಬಿ ಎತ್ತಿನ ಗಾಡಿಯಲ್ಲಿ ಕಳಿಸುತ್ತಿದ್ದರು. 1947ರಲ್ಲಿ ವಿಠಲ್ ಮಲ್ಯ ಕಂಪನಿಯ ನಿರ್ದೇಶಕರಾದರು. ಕೊನೆಗೆ ರಸ್ತೆಗೇ ಅವರ ಹೆಸರು ಬಂತು. ಬ್ರೂವರಿ ಇದ್ದ ನೆಲದ ಮೇಲೆ ಈಗ ಯುಬಿ ಸಿಟಿಯ ಗಾಜಿನ ಗೋಪುರಗಳಿವೆ.

ಬ್ರೂವರಿಗಾಗಿಯೇ ಕಟ್ಟಿದ್ದ ಕಟ್ಟಡ ಹೋಯಿತು. ಈಗ ಬ್ರೂವರಿ ಮಾಡುವವರು ಬ್ರೂವರಿಗಾಗಿ ಕಟ್ಟದೇ ಇದ್ದ ಕಟ್ಟಡಗಳನ್ನು ಹುಡುಕುತ್ತಿದ್ದಾರೆ: ದಂಡಿನ ಬಂಗಲೆ, ಪೇಟೆಯ ಗೋದಾಮು, ಹಳೆ ಮುದ್ರಣಾಲಯ. ಇದು ಸಂತೋಷದ ವಿಷಯ. ರೆಸಿಡೆನ್ಸಿ ರಸ್ತೆಯ ವಿಕ್ಟೋರಿಯಾ ಹೋಟೆಲ್ ಹಾಗೆ ನೆಲಸಮವಾಗಿ ಮಾಲ್ ಆಗುವ ಬದಲು ಹೋಟೆಲ್ಲಾಗಿ ಬದುಕಲಿ ಅನ್ನುವವನೇ ನಾನೂ. ಆದರೆ ಇಂಥ ಕಡೆ ಕಟ್ಟಡದ ಚರಿತ್ರೆಯನ್ನು ಮೆನು ಕಾರ್ಡಿನ ಹಿಂದೆ ನಾಲ್ಕು ಸಾಲು ಬರೆಸುವುದಕ್ಕೆ ಮಾತ್ರ ಕೇಳುತ್ತಾರೆ. ನಾನು ಹೇಳಬೇಕೆಂದಿರುವುದು, ಆ ಚರಿತ್ರೆಯನ್ನು ಎಂಜಿನಿಯರಿಗಿಂತ ಮೊದಲು ಕೇಳಬೇಕು ಅಂತ. ಟ್ಯಾಂಕ್ ಎಲ್ಲಿ ನಿಲ್ಲಬಹುದು, ನೀರು ಎಲ್ಲಿ ಹರಿಯಬಹುದು, ಹಬೆ ಎಲ್ಲಿಂದ ಹೊರಗೆ ಹೋಗಬೇಕು ಅನ್ನುವುದೆಲ್ಲ ಅದರಲ್ಲೇ ಇರುತ್ತದೆ.

ಮೊದಲು ವಯಸ್ಸು. ಮಾಲೀಕರನ್ನು ಕೇಳಿದರೆ "ನೂರೈವತ್ತು ವರ್ಷ ಆಗಿದೆ" ಅನ್ನುತ್ತಾರೆ. ಯಾಕೆ ಅಂದರೆ ಹೆಂಚಿನ ಮೇಲೆ 1865 ಅಂತ ಅಚ್ಚಿದೆ. ಅದು ಮಂಗಳೂರಿನಲ್ಲಿ ಬಾಸೆಲ್ ಮಿಷನ್ ಹೆಂಚಿನ ಕಾರ್ಖಾನೆ ಶುರುವಾದ ವರ್ಷ. ಆ ಹೆಂಚು ಬೆಂದ ವರ್ಷ ಬೇರೆ, ಮನೆ ಕಟ್ಟಿದ ವರ್ಷ ಇನ್ನೂ ಬೇರೆ. ಛಾವಣಿಯ ಹೆಂಚನ್ನು ಎಷ್ಟು ಸಲ ಬದಲಾಯಿಸಿದ್ದಾರೋ ಯಾರಿಗೆ ಗೊತ್ತು? ನನ್ನನ್ನು ಕೇಳಿದರೆ ಗರ್ಡರ್ ನೋಡಿ. ಕಬ್ಬಿಣದ ತೊಲೆಯ ಬಣ್ಣ ಕೆರೆದರೆ ತಯಾರಕರ ಹೆಸರು ಉಬ್ಬಕ್ಷರದಲ್ಲಿ ಸಿಗುತ್ತದೆ. ಡಾರ್ಮನ್ ಲಾಂಗ್ ಅಂತಿದ್ದರೆ ಆ ಕಂಪನಿ ಹುಟ್ಟಿದ್ದೇ 1870ರ ದಶಕದಲ್ಲಿ, ಆದ್ದರಿಂದ ಆ ಭಾಗ ಅದಕ್ಕಿಂತ ಹಳೆಯದಾಗಿರಲು ಸಾಧ್ಯವಿಲ್ಲ. ಟಾಟಾ ಅಂತಿದ್ದರೆ 1912ರ ನಂತರದ್ದು, ಯಾಕೆಂದರೆ ಜಮ್‌ಶೆಡ್‌ಪುರದಲ್ಲಿ ಉಕ್ಕು ಹೊರಬಂದದ್ದೇ ಆ ವರ್ಷ. ದಂಡು ಇಲ್ಲಿಗೆ ಬಂದದ್ದು 1809ರಲ್ಲಿ, ಜೋಲಾರ್‌ಪೇಟೆಯಿಂದ ರೈಲು ಬಂದದ್ದು 1864ರಲ್ಲಿ. ಉದ್ದನೆಯ ಗರ್ಡರುಗಳು ಊರಿಗೆ ಸುಲಭವಾಗಿ ಬರತೊಡಗಿದ್ದು ರೈಲು ಬಂದಮೇಲೆಯೇ. ಒಂದೇ ಕಟ್ಟಡದಲ್ಲಿ ಮುಂದಿನ ಕೋಣೆಗೆ ತೇಗದ ಜಂತೆ, ಹಿಂದಿನದಕ್ಕೆ ಗರ್ಡರ್ ಇದ್ದರೆ, ಹಿಂದಿನದು ಆಮೇಲೆ ಸೇರಿಸಿದ್ದು ಅಂತ ಲೆಕ್ಕ. ಎರಡೂ ಬೇರೆ ಬೇರೆ ಪಾಯದ ಮೇಲೆ ನಿಂತಿರುತ್ತವೆ. ಬಿರುಕು ಬರುವುದು ಅವೆರಡೂ ಸೇರುವ ಜಾಗದಲ್ಲೇ.

ಇನ್ನು ತೂಕ. ಕರ್ನಾಟಕದಲ್ಲಿ ಮೈಕ್ರೋಬ್ರೂವರಿಗೆ ದಿನಕ್ಕೆ 1000 ಲೀಟರ್ ಮಿತಿ ಇದೆ. ಹಾಗಾಗಿ ಎಲ್ಲರ ಲೆಕ್ಕವೂ 1000 ಲೀಟರಿನ ಟ್ಯಾಂಕಿನ ಸುತ್ತ ಸುತ್ತುತ್ತದೆ. ಬಿಯರ್ ಹುದುಗುವಾಗ ನೊರೆ ಏಳಲು ಅದರ ಕಾಲು ಭಾಗದಷ್ಟು ಜಾಗ ಹೆಚ್ಚಿಗೆ ಬಿಡಬೇಕಾದ್ದರಿಂದ ಟ್ಯಾಂಕಿನ ನಿಜವಾದ ಗಾತ್ರ ಸುಮಾರು 1250 ಲೀಟರ್. ಎರಡು ಪದರದ ಸ್ಟೀಲು, ನಡುವೆ ತಣ್ಣಗಿಡುವ ಜಾಕೆಟ್, ಖಾಲಿ ಇದ್ದಾಗಲೇ ಸುಮಾರು 400 ಕೆಜಿ. ಬಿಯರ್ ತುಂಬಿದ ಮೇಲೆ ಸುಮಾರು ಒಂದೂವರೆ ಟನ್. ಟ್ಯಾಂಕಿನ ಅಗಲ 1.2 ಮೀಟರ್ ಇದ್ದರೆ ನೆಲದ ಮೇಲೆ ಚದರ ಮೀಟರಿಗೆ 1300 ಕೆಜಿ ಬೀಳುತ್ತದೆ. ಕಟ್ಟಡ ಹೊರಬೇಕಾದ ಭಾರದ ಬಗ್ಗೆ ನಮ್ಮ ದೇಶದ ಮಾನದಂಡವಾದ ಐಎಸ್ 875 ಪ್ರಕಾರ ವಾಸದ ಮನೆಯ ಮಹಡಿಗೆ ಲೆಕ್ಕ ಹಾಕುವುದು 200 ಕೆಜಿ, ಹೋಟೆಲಿನ ಊಟದ ಹಾಲಿಗೆ 400. ಮೇಲ್ಮಹಡಿಯಲ್ಲಿ ಗಾಜಿನ ಗೋಡೆಯ ಹಿಂದೆ ಟ್ಯಾಂಕುಗಳ ಸಾಲು ಕಾಣಬೇಕು ಅಂತ ಒಳಾಂಗಣ ವಿನ್ಯಾಸದವರು ಚಿತ್ರ ಬರೆದು ತಂದರೆ, ಈ ಮೂರು ಸಂಖ್ಯೆಗಳನ್ನು ಅವರ ಮುಂದಿಡಿ.

ಮದ್ರಾಸ್ ತಾರಸಿ ಅಂತ ಕೇಳಿದ್ದೀರಿ. ಅದನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಕೆಳಗಿನಿಂದ ತಲೆ ಎತ್ತಿದರೆ ತೇಗದ ಜಂತೆಗಳು ಒಂದೂವರೆ ಅಡಿಗೊಂದರಂತೆ ಕಾಣುತ್ತವೆ. ಅವುಗಳ ಮೇಲೆ ಒಂದು ಅಂಗುಲ ದಪ್ಪದ ಸಣ್ಣ ಇಟ್ಟಿಗೆಗಳನ್ನು ಅಂಚಿನ ಮೇಲೆ ನಿಲ್ಲಿಸಿ, ಓರೆಯಾಗಿ, ಗಾರೆಯಲ್ಲಿ ಕೂರಿಸಿರುತ್ತಾರೆ. ಅದರ ಮೇಲೆ ಇಟ್ಟಿಗೆ ಚೂರು ಮತ್ತು ಸುಣ್ಣದ ಮೂರ್ನಾಲ್ಕು ಅಂಗುಲದ ಹಾಸು. ಅಳಲೆಕಾಯಿ, ಬೆಲ್ಲದ ನೀರು ಚಿಮುಕಿಸುತ್ತಾ ಮರದ ಹಲಗೆಯಿಂದ ದಿನಗಟ್ಟಲೆ ಬಡಿದು ಗಟ್ಟಿ ಮಾಡಿದ್ದು. ಮೇಲೆ ಚಪ್ಪಟೆ ಹೆಂಚು. ಈ ಇಡೀ ವ್ಯವಸ್ಥೆ ಚೆನ್ನಾಗಿದ್ದರೆ ನಮ್ಮ ಕಾಂಕ್ರೀಟ್ ಮಹಡಿಗಿಂತ ತಂಪು. ಕೆಡುವುದು ಮಾತ್ರ ಕಣ್ಣಿಗೆ ಕಾಣದ ಒಂದೇ ಜಾಗದಲ್ಲಿ: ಜಂತೆಯ ತುದಿ ಗೋಡೆಯೊಳಗೆ ಹೊಕ್ಕಿರುವ ಆ ಆರೇಳು ಅಂಗುಲ. ಗೋಡೆಯ ತೇವ ಅಲ್ಲಿ ನಿಲ್ಲುತ್ತದೆ, ಗೆದ್ದಲು ಅಲ್ಲಿಂದಲೇ ಹತ್ತುತ್ತದೆ. ನಡುವಿನಲ್ಲಿ ಬಡಿದು ನೋಡಿದರೆ ಟಣ್ ಅನ್ನುತ್ತದೆ, ಎಲ್ಲ ಸರಿಯಾಗಿದೆ ಅಂದುಕೊಳ್ಳುತ್ತೇವೆ. ಏಣಿ ಹಾಕಿ, ಗೋಡೆಗೆ ತಾಗುವಲ್ಲಿ ತೆಳು ಸ್ಕ್ರೂಡ್ರೈವರಿನಿಂದ ಒತ್ತಿ ನೋಡಿ. ಒಳ್ಳೆ ತೇಗದಲ್ಲಿ ಎರಡು ಮೂರು ಮಿಲಿಮೀಟರ್ ಇಳಿಯುವುದೂ ಕಷ್ಟ. ಅರ್ಧ ಅಂಗುಲ ಸಲೀಸಾಗಿ ಹೋದರೆ ಆ ತುದಿ ಹೋಗಿದೆ. ಇಡೀ ಜಂತೆ ತೆಗೆಯಬೇಕಾಗಿಲ್ಲ. ಗೋಡೆಯುದ್ದಕ್ಕೂ ಒಂದು ಸ್ಟೀಲ್ ಚಾನೆಲ್ ಕೂರಿಸಿ ಜಂತೆಯನ್ನು ಅದರ ಮೇಲೆ ಹೊರಿಸಬಹುದು, ಇಲ್ಲವೇ ಕೊಳೆತಷ್ಟನ್ನು ಕತ್ತರಿಸಿ ಎರಡೂ ಪಕ್ಕ ಪಟ್ಟಿ ಕೊಟ್ಟು ಹೊಸ ತೇಗ ಸೇರಿಸಬಹುದು. ಪ್ರತಿ ಜಂತೆಗೂ ನಂಬರ್ ಬರೆದು ಎರಡೂ ತುದಿ ನೋಡುವವರೆಗೆ ಮೇಲೆ ಒಂದು ಕುರ್ಚಿಯನ್ನೂ ಹಾಕಬೇಡಿ.

ಹಾಗಾದರೆ ಟ್ಯಾಂಕ್ ಎಲ್ಲಿ? ನೆಲದ ಮೇಲೆ ಅಂತ ಥಟ್ಟನೆ ಹೇಳುತ್ತೀರಿ. ಗೋದಾಮು ಆಗಿದ್ದರೆ ಬಹುಶಃ ಸರಿ. ಅಲ್ಲಿ ದಪ್ಪ ಕಲ್ಲು ಚಪ್ಪಡಿ ಹಾಸಿರುತ್ತಾರೆ, ಮೂಟೆಗಳ ಅಟ್ಟಿ ಹೊತ್ತು ಪಳಗಿದ ನೆಲ ಅದು. ಬಂಗಲೆಯ ನೆಲ ಹಾಗಲ್ಲ. ಎರಡು ಮೂರು ಅಡಿ ಜಗುಲಿ ಎತ್ತರಿಸಿ, ಒಳಗೆ ಮಣ್ಣು ತುಂಬಿ, ಮೇಲೆ ಸುಣ್ಣದ ಹಾಸು, ಅದರ ಮೇಲೆ ರೆಡ್ ಆಕ್ಸೈಡ್. ತುಂಬಿದ ಮಣ್ಣು ಕಾಲಕ್ರಮೇಣ ಕುಸಿದು ನೆಲದ ಕೆಳಗೆ ಟೊಳ್ಳಾಗಿರುತ್ತದೆ. ಟ್ಯಾಂಕಿನ ಒಂದೂವರೆ ಟನ್ ಇಳಿಯುವುದು ನಾಲ್ಕು ಕಾಲುಗಳ ಮೇಲೆ, ಒಂದೊಂದರ ಪಾದ ನಾಲ್ಕು ಅಂಗುಲ ಅಗಲ. ಅಂದರೆ ಅಂಗೈಯಗಲದ ಜಾಗದ ಮೇಲೆ ಸುಮಾರು 375 ಕೆಜಿ. ಮೊದಲ ವಾರ ಏನೂ ಆಗುವುದಿಲ್ಲ. ಆಮೇಲೆ ಒಂದು ಕಾಲು ಅರ್ಧ ಅಂಗುಲ ಇಳಿಯುತ್ತದೆ, ಟ್ಯಾಂಕ್ ವಾಲುತ್ತದೆ, ಪೈಪಿನ ಜೋಡಣೆಗಳು ಸೋರತೊಡಗುತ್ತವೆ. ಕೆಲಸದವರು ಗ್ಯಾಸ್ಕೆಟ್ ಬದಲಾಯಿಸುತ್ತಲೇ ಇರುತ್ತಾರೆ, ನೆಲ ಕುಸಿದದ್ದು ಯಾರ ಗಮನಕ್ಕೂ ಬರುವುದಿಲ್ಲ.

ಕಟ್ಟಡದ ಚರಿತ್ರೆ ಕೇಳಬೇಕಾದ ಜಾಗ ಇದೇ. ದಂಡಿನ ಬಂಗಲೆಯಲ್ಲಿ ಅಡುಗೆಮನೆ ಎಲ್ಲಿತ್ತು? ಮುಖ್ಯ ಮನೆಯೊಳಗೆ ಇರಲಿಲ್ಲ. ಹಿತ್ತಲಲ್ಲಿ ಬೇರೆ ಕಟ್ಟಡ, ನಡುವೆ ಮಾಡು ಹಾಕಿದ ದಾರಿ. ಅದರ ಪಕ್ಕದಲ್ಲೇ ಕುದುರೆ ಲಾಯ, ಗಾಡಿಮನೆ, ಬಾವಿ. ಲಾಯದ ನೆಲ ಕಲ್ಲಿನದು, ತೊಳೆದ ನೀರು ಹರಿಯುವಂತೆ ಇಳಿಜಾರು, ಕೊನೆಗೊಂದು ಕಾಲುವೆ. ಬೆಂಕಿ, ನೀರು, ಭಾರ ಮೂರನ್ನೂ ಕಟ್ಟಿದವರೇ ಹಿಂದಕ್ಕೆ ಕಳಿಸಿದ್ದರು. ಬ್ರೂವರಿಯೂ ಈ ಮೂರೇ ತಾನೆ? ಅದನ್ನು ಲಾಯದ ಜಾಗಕ್ಕೆ ಹಾಕಿ, ಮುಂದಿನ ಬಂಗಲೆಯನ್ನು ಊಟಕ್ಕೆ ಬಿಡಿ. ಎಷ್ಟೋ ಕಡೆ ಹಿಂದಿನ ಆ ಭಾಗ ಮಾರಾಟವಾಗಿಯೋ ಬಿದ್ದೋ ಹೋಗಿರುತ್ತದೆ. ಜಾಗ ಉಳಿದಿದ್ದರೆ ಅಲ್ಲಿ ತನ್ನದೇ ಪಾಯದ ಹೊಸ ಹಗುರ ಶೆಡ್ ಕಟ್ಟಿ. ಹಳೆ ಪಾಯ ಒರಟುಗಲ್ಲಿನದು, ಮೂರು ನಾಲ್ಕು ಅಡಿಗಿಂತ ಆಳ ಇರುವುದಿಲ್ಲ. ಅದಕ್ಕಿಂತ ಎಷ್ಟು ಆಳ ಅಗೆಯುತ್ತೀರೋ ಕನಿಷ್ಠ ಅಷ್ಟು ದೂರ ಹಳೆ ಗೋಡೆಯಿಂದ ಸರಿದು ಅಗೆಯಿರಿ, ಇಲ್ಲದಿದ್ದರೆ ಪಾಯದ ಕೆಳಗಿನ ಮಣ್ಣು ಜಾರುತ್ತದೆ.

ಒಳಗೇ ಇಡಬೇಕಾದ ಅನಿವಾರ್ಯತೆ ಇದ್ದರೆ ಟ್ಯಾಂಕ್ ಆರ್ಡರ್ ಮಾಡುವ ಮುಂಚೆ ಬಾಗಿಲು ಅಳೆಯಿರಿ. ಹಳೆ ಬಾಗಿಲು ಸಾಮಾನ್ಯವಾಗಿ ನಾಲ್ಕಡಿ ಅಗಲ, ಚೌಕಟ್ಟು ಕಳೆದರೆ ಮೂರೂಮುಕ್ಕಾಲು. 1.2 ಮೀಟರಿನ ಟ್ಯಾಂಕ್ ಅದರಲ್ಲಿ ನುಗ್ಗುವುದಿಲ್ಲ. ಕೆಲಸಕ್ಕೆ ಬಂದವರು ಕಮಾನಿನ ಪಕ್ಕದ ಗೋಡೆ ಒಡೆಯಲು ಹೊರಡುತ್ತಾರೆ. ಕಮಾನಿನ ಒತ್ತಡ ಹೊರುವುದೇ ಆ ಪಕ್ಕದ ಗೋಡೆ. ಒಡೆಯಬೇಡಿ. ಒಂದು ಮೀಟರ್ ಅಗಲದ, ಎತ್ತರದ ಟ್ಯಾಂಕ್ ಮಾಡಿಸಿ. ಈ ಕೋಣೆಗಳ ಒಳಎತ್ತರ ಹದಿನಾಲ್ಕು ಅಡಿ, ಕೆಲವು ಕಡೆ ಹದಿನಾರು. 2.7 ಮೀಟರ್ ಎತ್ತರದ ಟ್ಯಾಂಕನ್ನು ಮಲಗಿಸಿ ತಂದು ನಿಲ್ಲಿಸುವಾಗ ಮೂಲೆಯಿಂದ ಮೂಲೆಗೆ 2.9 ಮೀಟರ್ ಬೇಕು, ಅಷ್ಟು ಧಾರಾಳವಾಗಿ ಸಿಗುತ್ತದೆ. ಹೆಂಚಿನ ಮಾಡಾಗಿದ್ದರೆ ಇನ್ನೂ ಸುಲಭ: ಒಂದು ಅಂಕಣದ ಹೆಂಚು, ರೀಪು ಬಿಚ್ಚಿ, ಕ್ರೇನಿನಿಂದ ಇಳಿಸಿ, ಮತ್ತೆ ಹೊದಿಸಬಹುದು.

ನೆಲದ ಇಳಿಜಾರಿನ ಬಗ್ಗೆ ಯಾರೂ ಯೋಚಿಸುವುದಿಲ್ಲ. ಬ್ರೂವರಿಯ ನೆಲ ದಿನವೂ ಒದ್ದೆ. ಐವತ್ತಕ್ಕೆ ಒಂದರಷ್ಟು ಇಳಿಜಾರು ಬೇಕು, ಅಂದರೆ ನಾಲ್ಕು ಮೀಟರ್ ಕೋಣೆಗೆ ಎಂಟು ಸೆಂಟಿಮೀಟರ್. ಹಳೆ ನೆಲ ಮಟ್ಟಸ. ಅದನ್ನು ಅಗೆದು ಹಾಳು ಮಾಡುವ ಬದಲು ಮೇಲೆ ದಪ್ಪ ಪ್ಲಾಸ್ಟಿಕ್ ಹಾಳೆ ಹಾಸಿ, ಅದರ ಮೇಲೆ ಇಳಿಜಾರಿನ ಹೊಸ ನೆಲ ಹಾಕಿ, ಸುತ್ತ ಅರ್ಧ ಅಡಿ ಕಟ್ಟೆ ಕಟ್ಟಿ, ನಡುವೆ ಸ್ಟೀಲ್ ಚರಂಡಿ ಇಡಿ. ನಾಳೆ ಬ್ರೂವರಿ ಮುಚ್ಚಿದರೆ ಇದನ್ನೆಲ್ಲ ಎತ್ತಿ ಹಾಕಬಹುದು, ಕೆಳಗಿನ ರೆಡ್ ಆಕ್ಸೈಡ್ ಹಾಗೇ ಇರುತ್ತದೆ. ಈ ಕಟ್ಟೆ ಬೇಕಾಗುವುದಕ್ಕೆ ಇನ್ನೊಂದು ಕಾರಣವಿದೆ. ಟ್ಯಾಂಕ್ ತೊಳೆಯುವುದು ಶೇಕಡ 2ರ ಕಾಸ್ಟಿಕ್ ಸೋಡಾದಿಂದ, 70ರಿಂದ 80 ಡಿಗ್ರಿ ಬಿಸಿಯಲ್ಲಿ, ಆಮೇಲೆ ನೈಟ್ರಿಕ್ ಅಥವಾ ಫಾಸ್ಫರಿಕ್ ಆಮ್ಲದಿಂದ. ಗಾರೆ ಅಂದರೆ ಸುಣ್ಣ. ಆಮ್ಲ ಬಿದ್ದರೆ ಬುಸ್ಸೆಂದು ನೊರೆ ಬಂದು ಕರಗುತ್ತದೆ. ಬಿಯರಿನ ಪಿಎಚ್ಚೂ ನಾಲ್ಕರ ಆಸುಪಾಸು; ಚೆಲ್ಲಿದ ಬಿಯರ್ ಹುಳಿಯಾಗಿ ಗೋಡೆಯ ಬುಡಕ್ಕೆ ಹೋದರೆ ಅದೇ ಕೆಲಸವನ್ನು ನಿಧಾನವಾಗಿ ಮಾಡುತ್ತದೆ. ಸಿಮೆಂಟಿನ ನೆಲವನ್ನೂ ತಿನ್ನುತ್ತದೆ. ಎಪಾಕ್ಸಿಗಿಂತ ಬಿಸಿನೀರು ತಡೆಯುವ ಪಾಲಿಯುರೆಥೇನ್ ಹೊದಿಕೆ ಹೆಚ್ಚು ಬಾಳುತ್ತದೆ.

ಗೋಡೆಯ ಬುಡದಲ್ಲಿ ಈಗಾಗಲೇ ಬಿಳಿ ಉಪ್ಪು ಹಿಡಿದು ಗಿಲಾವು ಉದುರುತ್ತಿದ್ದರೆ, ಹಿಂದೆ ಯಾರೋ ಸಿಮೆಂಟ್ ಬಳಿದಿದ್ದಾರೆ ಅಂತಲೇ ತಿಳಿಯಿರಿ. ಒಂದೂವರೆ ಅಡಿ ದಪ್ಪದ ಇಟ್ಟಿಗೆ-ಗಾರೆ ಗೋಡೆ ನೆಲದ ತೇವವನ್ನು ಹೀರಿ ಮೇಲ್ಮೈಯಿಂದ ಬಿಡುತ್ತಿರುತ್ತದೆ. ಸಿಮೆಂಟ್ ಆ ದಾರಿ ಮುಚ್ಚುತ್ತದೆ, ತೇವ ಇನ್ನೂ ಮೇಲಕ್ಕೇರಿ ಜಂತೆಯ ತುದಿಯವರೆಗೆ ಹೋಗುತ್ತದೆ. ಸಿಮೆಂಟ್ ಕೆತ್ತಿ ತೆಗೆದು, ಸಂದುಗಳನ್ನು ಮುಕ್ಕಾಲು ಅಂಗುಲ ಕೆರೆದು, ಒಣಗಲು ಬಿಟ್ಟು, ಸುಣ್ಣದ ಗಿಲಾವೇ ಮಾಡಿಸಿ. ಗಾರೆ ಕೆಲಸ ಬಲ್ಲ ಮೇಸ್ತ್ರಿಗಳು ಈಗಲೂ ಸಿಗುತ್ತಾರೆ. ಅವಸರ ಮಾಡಬೇಡಿ, ಸುಣ್ಣ ಗಟ್ಟಿಯಾಗಲು ವಾರಗಳು ಬೇಕು. ಉದ್ಘಾಟನೆಯ ದಿನಾಂಕ ಮೊದಲೇ ಗೊತ್ತುಮಾಡಿಕೊಂಡವರು ಎಡವುವುದು ಇಲ್ಲೇ.

ಈಗ ಹಬೆ. ಮಾಲ್ಟ್ ಅಂದರೆ ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ, ಅದರಿಂದ ತೆಗೆದ ಸಿಹಿ ರಸವೇ ವರ್ಟ್. ಒಂದು ಗಂಟೆ ಕುದಿಸಿದರೆ ವರ್ಟ್‌ನಲ್ಲಿ ಶೇಕಡ 5ರಿಂದ 8ರಷ್ಟು ಆವಿಯಾಗುತ್ತದೆ. 1000 ಲೀಟರಿಗೆ ಸುಮಾರು 70 ಲೀಟರ್ ನೀರು. ಅದು ಕೋಣೆಯೊಳಗೆ ಬಿಟ್ಟುಕೊಂಡರೆ ನೇರವಾಗಿ ಮೇಲಿನ ಮರಕ್ಕೆ ಹೋಗಿ ಕೂರುತ್ತದೆ. ಮಳೆಗಾಲದಲ್ಲಿ ಹದಿನೈದು ದಿನಕ್ಕೆ ಕಪ್ಪು ಬೂಷ್ಟು. ವರ್ಟ್ ಕುದಿಸುವ ಕೆಟಲಿಗೆ ಹಬೆಯನ್ನು ತಣಿಸಿ ನೀರಾಗಿಸುವ ಕಂಡೆನ್ಸರ್ ಹಾಕಿಸಿ, ಇಲ್ಲವೇ ಚಿಮಣಿ ನೇರ ಹೊರಗೆ ಕೊಡಿ. ಚಿಮಣಿಯಲ್ಲಿ ತಣಿದು ಇಳಿಯುವ ನೀರು ಮತ್ತೆ ಕೆಟಲಿಗೆ ಬೀಳದಂತೆ ಒಂದು ಸುತ್ತುಗಾಲುವೆ ಇರಲಿ. ಅದು ಒಳಗೆ ಬಿದ್ದರೆ ಬಿಯರಿಗೆ ಬೇಯಿಸಿದ ಮುಸುಕಿನ ಜೋಳದ ವಾಸನೆ ಹತ್ತುತ್ತದೆ.

ಕುದಿಯುವ ಮಾತು ಬಂದಿದ್ದರಿಂದ ಇದೊಂದನ್ನು ಹೇಳಿಬಿಡುತ್ತೇನೆ. ನಾವು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಮೇಲಿದ್ದೇವೆ. ನೀರು ಇಲ್ಲಿ 97 ಡಿಗ್ರಿಗೇ ಕುದಿಯುತ್ತದೆ. ಆ ಮೂರು ಡಿಗ್ರಿಯ ಕೊರತೆಯಿಂದ ಬಿಯರಿಗೆ ಕಹಿ ಕೊಡುವ ಹಾಪ್ಸ್ ಹೂವು ತನ್ನ ಕಹಿ ಬಿಡುವುದು ನಿಧಾನ, ಬೇಡದ ವಾಸನೆ ಹೋಗುವುದೂ ನಿಧಾನ. ಜರ್ಮನಿಯ ಪಾಕವಿಧಾನವನ್ನು ಹಾಗೇ ತಂದವರ ಬಿಯರ್ ಇಲ್ಲಿ ಸ್ವಲ್ಪ ಸಪ್ಪೆ ಅನ್ನಿಸುತ್ತದೆ. ಕುದಿತವನ್ನು ಹತ್ತು ಹದಿನೈದು ನಿಮಿಷ ಹೆಚ್ಚಿಸಿ, ಕಹಿಗೆ ಹಾಕುವ ಹಾಪ್ಸನ್ನು ತುಸು ಏರಿಸಿ. ವಿದ್ಯುತ್ತಿನ ಲೆಕ್ಕವೂ ಮರೆಯಬೇಡಿ: 1000 ಲೀಟರನ್ನು 25ರಿಂದ 97 ಡಿಗ್ರಿಗೆ ತರುವುದಕ್ಕೇ ಸುಮಾರು 84 ಯೂನಿಟ್ ಬೇಕು. ಹಳೆ ಮನೆಯ ವೈರಿಂಗಿನಲ್ಲಿ ಅದು ಆಗದ ಮಾತು. ಹೊಸ ಲೈನ್, ಇಲ್ಲವೇ ಹಿತ್ತಲಲ್ಲಿ ಗ್ಯಾಸ್ ಬಾಯ್ಲರ್.

ಎಲ್ಲಕ್ಕಿಂತ ಮುಖ್ಯವಾದದ್ದು ಇದು, ದಯವಿಟ್ಟು ಗಮನವಿಟ್ಟು ಕೇಳಿ. ಕೆಲವು ಹಳೆ ಕಟ್ಟಡಗಳಲ್ಲಿ ನೆಲಮಾಳಿಗೆ ಇರುತ್ತದೆ. ತಂಪಾಗಿದೆ, ಫರ್ಮೆಂಟರಿಗೆ, ಅಂದರೆ ಬಿಯರ್ ಹುದುಗುವ ಟ್ಯಾಂಕಿಗೆ, ಹೇಳಿ ಮಾಡಿಸಿದ ಜಾಗ ಅನ್ನಿಸುತ್ತದೆ. ಯೀಸ್ಟ್ ಒಂದು ಕೆಜಿ ಸಕ್ಕರೆ ತಿಂದರೆ ಹೆಚ್ಚು ಕಡಿಮೆ ಅರ್ಧ ಕೆಜಿ ಕಾರ್ಬನ್ ಡೈಆಕ್ಸೈಡ್ ಬಿಡುತ್ತದೆ. 1000 ಲೀಟರ್ ಬಿಯರಿಗೆ ಸುಮಾರು 40 ಕೆಜಿ, ಅಂದರೆ ಬಿಯರಿನ ಇಪ್ಪತ್ತು ಪಟ್ಟಿಗಿಂತ ಹೆಚ್ಚು ಗಾತ್ರದ ಅನಿಲ. ಗಾಳಿಗಿಂತ ಒಂದೂವರೆ ಪಟ್ಟು ಭಾರ, ಬಣ್ಣವಿಲ್ಲ. ಮೆಟ್ಟಿಲಿಳಿದು ಹೋದವನು ಬಿದ್ದರೆ, ಎತ್ತಲು ಹೋದವನೂ ಬೀಳುತ್ತಾನೆ. ಪ್ರತಿ ಟ್ಯಾಂಕಿನ ಅನಿಲ ಪೈಪಿನಲ್ಲೇ ಕಟ್ಟಡದ ಹೊರಗೆ, ಜನ ಕೂರದ ಕಡೆ ಹೋಗಬೇಕು. ಸೆನ್ಸರನ್ನು ನೆಲದಿಂದ ಒಂದೊಂದೂವರೆ ಅಡಿ ಎತ್ತರದಲ್ಲಿ ಕೂರಿಸಿ. ಆಳೆತ್ತರದಲ್ಲಿಟ್ಟರೆ ಅದು ಕೂಗುವಷ್ಟರಲ್ಲಿ ಹೊತ್ತು ಮೀರಿರುತ್ತದೆ. ಶೇಕಡ 0.5ಕ್ಕೆ ಮೊದಲ ಎಚ್ಚರಿಕೆ, 1.5ಕ್ಕೆ ಎಲ್ಲರೂ ಹೊರಗೆ. ಫ್ಯಾನು ಕೆಳಗಿನ ಗಾಳಿಯನ್ನು ಎಳೆಯಬೇಕು. ನೆಲಮಾಳಿಗೆಯನ್ನು ನಾನಾದರೆ ಬಾಟಲಿ ಇಡಲೂ ಯೋಚಿಸುತ್ತೇನೆ, ಫರ್ಮೆಂಟರ್ ಅಂತೂ ಬೇಡವೇ ಬೇಡ.

ನೀರಿನ ಲೆಕ್ಕಕ್ಕೆ ಬನ್ನಿ. ಸಣ್ಣ ಬ್ರೂವರಿಯಲ್ಲಿ ಒಂದು ಲೀಟರ್ ಬಿಯರಿಗೆ ಐದರಿಂದ ಏಳು ಲೀಟರ್ ನೀರು ಖರ್ಚಾಗುತ್ತದೆ, ಬಹುಪಾಲು ತೊಳೆಯಲು ಮತ್ತು ತಣಿಸಲು. ಕಾವೇರಿ ನೀರು ಸುಮಾರು 100 ಕಿಲೋಮೀಟರ್ ದೂರದಿಂದ, ಅರ್ಧ ಕಿಲೋಮೀಟರ್ ಎತ್ತರ ಹತ್ತಿ ಬರುತ್ತದೆ. 2024ರ ಮಾರ್ಚಿನಲ್ಲಿ ಕುಡಿಯುವ ನೀರಿನಲ್ಲಿ ಕಾರು ತೊಳೆದರೆ 5000 ರೂಪಾಯಿ ದಂಡ ಹಾಕಿದ ಊರು ಇದು. ಬಿಸಿ ವರ್ಟ್ ತಣಿಸಿದ ನೀರು 70 ಡಿಗ್ರಿಯಲ್ಲಿ ಶುದ್ಧವಾಗಿಯೇ ಹೊರಬರುತ್ತದೆ. ಅದನ್ನು ಚರಂಡಿಗೆ ಬಿಡದೆ ಇನ್ಸುಲೇಷನ್ ಇರುವ ತೊಟ್ಟಿಗೆ ತುಂಬಿ ಮುಂದಿನ ಬ್ಯಾಚಿಗೆ ಬಳಸಿದರೆ ನೀರೂ ಉಳಿಯುತ್ತದೆ, ಶಾಖವೂ ಉಳಿಯುತ್ತದೆ. ಚರಂಡಿಯ ಪೈಪು ಹಳೆ ಮನೆಯಲ್ಲಿ ನಾಲ್ಕಂಗುಲದ ಸ್ಟೋನ್‌ವೇರ್, ಬೇರು ನುಗ್ಗಿ ಅರ್ಧ ಮುಚ್ಚಿರುತ್ತದೆ. ಒಂದೇ ಸಲ ಸಾವಿರ ಲೀಟರ್ ಬಿಟ್ಟು ಪರೀಕ್ಷೆ ಮಾಡಿ ನೋಡಿ.

ಲೈಸೆನ್ಸಿನ ವಿಷಯ ಚಿಕ್ಕದಾಗಿ. ಅಬಕಾರಿ ನಿಯಮದಲ್ಲಿ ಶಾಲೆ, ದೇವಸ್ಥಾನ, ಆಸ್ಪತ್ರೆಗಳಿಂದ 100 ಮೀಟರ್ ದೂರದ ಷರತ್ತಿದೆ. ದಂಡಿನಲ್ಲಿ ಹೆಜ್ಜೆಗೊಂದು ಹಳೆ ಶಾಲೆ, ಚರ್ಚು, ಮಸೀದಿ. ಅಡ್ವಾನ್ಸ್ ಕೊಡುವ ಮೊದಲು ಅಳತೆ ಹಾಕಿಸಿ.

ಕೊನೆಯದಾಗಿ ಎರಡು ದಿನನಿತ್ಯದ ಕೆಲಸ. ಒಂದು ಬ್ಯಾಚಿಗೆ 180ರಿಂದ 200 ಕೆಜಿ ಮಾಲ್ಟ್ ಹೋದರೆ, ಹೊರಬರುವ ಒದ್ದೆ ಚರಟವೂ ಹೆಚ್ಚು ಕಡಿಮೆ ಅಷ್ಟೇ ತೂಗುತ್ತದೆ. ದನಗಳಿಗೆ ಒಳ್ಳೆ ಮೇವು, ಹೈನುಗಾರರು ಒಯ್ಯುತ್ತಾರೆ. ಆದರೆ ನಮ್ಮ ಸೆಖೆಗೆ ಒಂದು ದಿನದಲ್ಲಿ ಹುಳಿ ವಾಸನೆ ಏಳುತ್ತದೆ, ಆದ್ದರಿಂದ ಅದೇ ದಿನ ಹಿಂದಿನ ಗೇಟಿನಿಂದ ಹೊರಡಬೇಕು. ಊಟದ ಹಾಲಿನ ಮೂಲಕ ಸಾಗಿಸುವಂತೆ ನಕ್ಷೆ ಮಾಡಬೇಡಿ. ಇನ್ನೊಂದು, ಮೇ ತಿಂಗಳು ಮುಗಿಯುವುದರೊಳಗೆ ಮಾಡು ಹತ್ತಿಸಿ ಸೂರು ಕಾಲುವೆ, ಎರಡು ಇಳಿಜಾರು ಸೇರುವ ಕಣಿವೆಯ ತಗಡು, ಒಡೆದ ಹೆಂಚು ನೋಡಿಸಿ. ಹೊಸದಾಗಿ ಚಿಮಣಿ, ಅಡುಗೆಮನೆಯ ಡಕ್ಟ್ ತೂರಿಸಿದ ಜಾಗಗಳ ಸುತ್ತ ಸೀಸದ ಹಾಳೆ ಸರಿಯಾಗಿ ಮಡಿಸಿದೆಯೇ ಅಂತ ಬಕೆಟ್ಟಿನಲ್ಲಿ ನೀರು ಸುರಿದು ನೋಡಿ, ಕೆಳಗೆ ಒಬ್ಬರು ಟಾರ್ಚ್ ಹಿಡಿದು ನಿಂತಿರಲಿ.